ಒಲೆ ಹಚ್ಚಬೇಡಿ

ನಿವೃತ್ತಿಯಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಚಟ ಅಂಟಿಕೊಳ್ಳುತ್ತದೆ. ಕೆಲವರು ಧ್ಯಾನಕ್ಕೆ ಕೂರುತ್ತಾರೆ, ಕೆಲವರು ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುತ್ತಾರೆ. ನಾನು ಬೀದಿಯ ಕುಕ್ಕರುಗಳು ಕೂಗುವುದನ್ನು ಎಣಿಸುತ್ತೇನೆ.

ನಗಬೇಡಿ. ಇದಕ್ಕೂ ಸಾಧನೆ ಬೇಕು. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ನಮ್ಮದನ್ನು ಬಿಟ್ಟು ಹದಿನಾರು ಮನೆಗಳಿವೆ. ಬೆಳಗ್ಗೆ ಏಳರಿಂದ ಎಂಟೂವರೆಯವರೆಗೆ ಜಗಲಿಯ ಮೇಲೆ ಪೇಪರ್ ಅಡ್ಡ ಹಿಡಿದು ಕುಳಿತರೆ, ಯಾರ ಮನೆಯಲ್ಲಿ ಬೇಳೆ ಬೇಯುತ್ತಿದೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾವ ಗಂಡ ಹೆಂಡತಿ ಜಗಳವಾಡಿ ಅಡಿಗೆ ತಡವಾಗಿದೆ, ಎಲ್ಲವೂ ಕಿವಿಗೇ ಬಂದು ಬೀಳುತ್ತದೆ. ಪಕ್ಕದ ಡೇರಿ ಸೆಕ್ರೆಟರಿ ಮನೆಯ ಕುಕ್ಕರ್ ಸರಿಯಾಗಿ ಮೂರು ಸಲ ಕೂಗಿ ಸುಮ್ಮನಾಗುತ್ತದೆ, ಶಿಸ್ತಿನ ಪ್ರಾಣಿ. ಎದುರು ಮನೆಯ ಮಹಬೂಬ್ ಬೀಯವರದು ಕೂಗುವ ಮುಂಚೆ ಸ್ವಲ್ಪ ಹೊತ್ತು ಕೆಮ್ಮುತ್ತದೆ, ಭಾಷಣಕ್ಕೆ ನಿಂತ ಹಿರಿಯರ ಹಾಗೆ.

ಈ ನಿರಪಾಯಕಾರಿ ಚಟ ಈಚೆಗೆ ಒಂದು ಭಾನುವಾರ ನನ್ನ ಮನೆಯ ಮಾನದ ಪ್ರಶ್ನೆಯಾಯಿತು. ಅದನ್ನು ಹೇಳುವ ಮೊದಲು ನನ್ನ ಯೋಗ್ಯತೆಯನ್ನು ತಮ್ಮ ಮುಂದೆ ಇಡುವುದು ಉಚಿತ. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಮೊದಲು ಮಂಡಿಕಲ್ಲು, ಆಮೇಲೆ ಗೌರಿಬಿದನೂರು, ಕೊನೆಗೆ ಚಿಂತಾಮಣಿ, ಎಲ್ಲಕ್ಕೂ ಈ ಮನೆಯಿಂದಲೇ ಬಸ್ಸಿನ ಓಡಾಟ. ಇದೆಲ್ಲಕ್ಕಿಂತ ದೊಡ್ಡ ಯೋಗ್ಯತೆಯೆಂದರೆ ನಮ್ಮ ಮನೆಮಾತು ಕನ್ನಡ. ಬೇರೆ ಕಡೆಯವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ನಮ್ಮ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ಅರ್ಧ ಬೀದಿ ಮನೆಯೊಳಗೆ ತೆಲುಗು ಆಡುತ್ತದೆ, ಕಾಲು ಬೀದಿ ಉರ್ದು ಆಡುತ್ತದೆ, ಹೊಸ್ತಿಲು ದಾಟಿದ ಮೇಲೆ ಎಲ್ಲರೂ ಕನ್ನಡಕ್ಕೆ ಬರುತ್ತಾರೆ. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಉಳಿದ ಕನ್ನಡ ಮೇಷ್ಟ್ರುಗಳೆಲ್ಲ ತೆಲುಗು ಮನೆಯವರೇ. ಅವರನ್ನು ನಾನು ಎಂದೂ ಕೀಳಾಗಿ ಕಂಡವನಲ್ಲ. ಬರೀ ಕನಿಕರದಿಂದ ಕಾಣುತ್ತಿದ್ದೆ, ಅಷ್ಟೆ. ಬಾವಿಯಲ್ಲಿ ಹುಟ್ಟಿದ ಮೀನು, ದಡದಲ್ಲಿ ನಿಂತು ಈಜು ಕಲಿತವರನ್ನು ಕಾಣುವ ಹಾಗೆ.

ಪರಭಾಷೆಯನ್ನು ಪರರಿಂದ ಕಲಿತರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಜಂಗಮಕೋಟೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಜೀವಮಾನದಲ್ಲಿ ಒಬ್ಬ ಇಂಗ್ಲಿಷಿನವನನ್ನೂ ನೋಡಿದವರಲ್ಲ. ಆದರೆ ಆ ಭಾಷೆಯ ಮೇಲೆ ಅವರಿಗಿದ್ದ ಹಿಡಿತ, ಎತ್ತಿನ ಮೂಗುದಾರದ ಮೇಲೆ ರೈತನಿಗಿರುವಂಥದು. ಪ್ರತಿಯೊಂದು ಪದವನ್ನೂ ನಿಲ್ಲಿಸಿ, ತಿವಿದು, ಮುಂದಕ್ಕೆ ಹೊಡೆಯುತ್ತಿದ್ದರು. ಅದೇ ಧೈರ್ಯದಲ್ಲಿ ನಾನು ಬೆಳೆದೆ. ಒಮ್ಮೆ ಸ್ಕಂದಗಿರಿಯ ಬುಡದಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡ ಬಿಳಿಯನೊಬ್ಬ ಬೆಟ್ಟಕ್ಕೆ ದಾರಿ ಕೇಳಿದ. ನಾನು ಐದು ನಿಮಿಷ ಸುದೀರ್ಘವಾಗಿ, ತಪ್ಪಿಲ್ಲದ ವಾಕ್ಯಗಳಲ್ಲಿ ವಿವರಿಸಿದೆ. ಅವನು ಅತ್ಯಂತ ವಿನಯದಿಂದ ತಲೆಯಾಡಿಸಿ, ಕೈಮುಗಿದು, ಬೆಟ್ಟಕ್ಕೆ ಬೆನ್ನು ಹಾಕಿ ಹೊರಟುಹೋದ. ಅಂದಿನಿಂದ ನನ್ನ ಸಿದ್ಧಾಂತ ಗಟ್ಟಿಯಾಯಿತು: ಭಾಷೆಯನ್ನು ಅದರಲ್ಲೇ ಹುಟ್ಟಿದವರ ಬಾಯಿಂದ ಕಲಿಯಬೇಕು.

ಈ ಸಿದ್ಧಾಂತಕ್ಕೆ ನನ್ನ ಮನೆಯಲ್ಲೇ ಜೀವಂತ ನಿದರ್ಶನವಿತ್ತು. ನನ್ನ ಹೆಂಡತಿ ಪದ್ಮಾವತಿ ಚಿಂತಾಮಣಿ ಆಚೆಯ ಹಳ್ಳಿಯ ತೆಲುಗು ಮನೆಯ ಹುಡುಗಿ. ಮದುವೆಯಾಗಿ ಬಂದಾಗ ಕನ್ನಡ ಓದಲು ಬರುತ್ತಿತ್ತು, ಆಡಲು ಬಾಯಿ ಏಳುತ್ತಿರಲಿಲ್ಲ. ಈಗ ತರಕಾರಿಯವನಿಂದ ತಹಸೀಲ್ದಾರರವರೆಗೆ ಯಾರನ್ನು ಬೇಕಾದರೂ ಕನ್ನಡದಲ್ಲಿ ನಿಲ್ಲಿಸಿ ಕೇಳಬಲ್ಲಳು. ‘ಇವಳಿಗೆ ಕನ್ನಡ ಕಲಿಸಿದವನು ನಾನು’ ಎಂದು ನಲವತ್ತು ವರ್ಷದಿಂದ ಬಂದವರಿಗೆಲ್ಲ ಹೇಳುತ್ತಲೇ ಬಂದಿದ್ದೇನೆ. ಅವಳು ಒಮ್ಮೆಯೂ ಇಲ್ಲವೆಂದಿರಲಿಲ್ಲ. ಹೌದೆಂದೂ ಹೇಳಿರಲಿಲ್ಲ ಎಂಬುದು ಈಚೆಗೆ ಹೊಳೆಯಿತು.

ವಿಷಯಕ್ಕೆ ಬರುತ್ತೇನೆ. ನನ್ನ ಮಗ ಮುರಳಿ ಗೌರಿಬಿದನೂರಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದಾನೆ. ಅದೇ ಲ್ಯಾಬಿನ ಇನ್ನೊಂದು ಮೇಜಿನಲ್ಲಿ ಒಡಿಶಾದ ಸಸ್ಮಿತಾ ಇದ್ದಳು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಮದುವೆ ಅವಳ ಊರಾದ ಕಟಕ್‌ನಲ್ಲಿ ನಡೆಯಿತು. ಇಲ್ಲಿಂದ ಹೋದವರು ನಾವು ನಾಲ್ಕು ಜನ. ವಾಪಸು ಬಂದು ರೈಲಿನ ಧೂಳು ತೊಳೆದುಕೊಳ್ಳುವ ಮೊದಲೇ ಗೊತ್ತಾಯಿತು, ಬೀದಿಗೆ ಕೋಪ ಬಂದಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎಲ್ಲರೂ ಬಹಳ ಮರ್ಯಾದೆಯಿಂದ ನಡೆದುಕೊಂಡರು. ಡೇರಿ ಸೆಕ್ರೆಟರಿಯವರ ಹೆಂಡತಿ ನಾಗರತ್ನಮ್ಮ ಗೇಟಿನ ಆಚೆಯೇ ನಿಂತು, “ಮದುವೆ ಚೆನ್ನಾಗಾಯ್ತಂತಲ್ಲ ಮೇಷ್ಟ್ರೇ. ದೂರ ಅಲ್ವಾ, ಯಾರನ್ನೂ ಕರೆಯಕ್ಕಾಗಲ್ಲ ಬಿಡಿ,” ಎಂದರು. ಆ ‘ಬಿಡಿ’ಯಲ್ಲಿ ಹದಿನಾರು ಮನೆಗಳೂ ಇದ್ದವು.

ಪರಿಹಾರವೆಂದು ಒಂದು ಸತ್ಯನಾರಾಯಣ ಪೂಜೆ, ಬೀದಿಗೆಲ್ಲ ಊಟ ಎಂದು ನಿಶ್ಚಯವಾಯಿತು. ಬೀದಿ ಬಂದು ಉಂಡರೆ ಸೊಸೆಯನ್ನು ಒಪ್ಪಿದ ಹಾಗೆ. ಬರದಿದ್ದರೆ ಅವಳು ಈ ಬೀದಿಯಲ್ಲಿ ಎಂದೆಂದಿಗೂ ‘ಮೇಷ್ಟ್ರ ಮನೆಗೆ ಬಂದಿರೋ ಹಿಂದಿ ಹುಡುಗಿ’. ಅವಳ ಭಾಷೆ ಹಿಂದಿಯಲ್ಲ ಎಂದು ಯಾರಿಗೆ ಹೇಳುವುದು! ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯಬೇಕಾದವಳು ಪದ್ಮಾವತಿ. ಅವಳು ಬಚ್ಚಲಲ್ಲಿ ಜಾರಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಂಚದ ಮೇಲಿದ್ದಳು.

“ಸೊಸೇನೇ ಹೋಗಿ ಕರೀಲಿ,” ಎಂದು ಮಂಚದಿಂದ ಅಪ್ಪಣೆಯಾಯಿತು. “ಒಬ್ಬಳೇ ಹೋಗ್ಲಿ. ಜೊತೇಲಿ ಯಾರಾದ್ರೂ ಹೋದ್ರೆ ಅವರೇ ಮಾತಾಡಿಬಿಡ್ತಾರೆ, ಇವಳು ಗೊಂಬೆ ಥರ ನಿಂತಿರ್ತಾಳೆ.”

ಸಸ್ಮಿತಾಳ ಕನ್ನಡ ಆಗ ಕಾರ್ಖಾನೆಯ ಕನ್ನಡ. ‘ಊಟ ಆಯ್ತಾ’, ‘ಬಸ್ ಹೋಯ್ತು’, ‘ಅದು ಮುಟ್ಟಬೇಡಿ ಸುಡುತ್ತೆ’, ಇಂಥದು; ಮನೆಯೊಳಗೆ ಹೇಗೋ ನಡೆಯುತ್ತಿತ್ತು, ಬೀದಿಗೆ ಸಾಲದು. ಇನ್ನು ಆರು ದಿನವಿತ್ತು. ನನ್ನ ಹಳೆಯ ರಕ್ತ ಕುದಿಯಿತು. ಕನ್ನಡಕ ಒರೆಸಿಕೊಂಡೆ. ಒಂದು ಬಿಳಿ ಹಾಳೆಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ಅವಳಿಗೆ ಬೇಕಾದ ವಾಕ್ಯವನ್ನು ಬರೆದುಕೊಟ್ಟೆ: ‘ಬರುವ ಭಾನುವಾರ ನಮ್ಮ ಸ್ವಗೃಹದಲ್ಲಿ ಏರ್ಪಡಿಸಿರುವ ಶ್ರೀ ಸತ್ಯನಾರಾಯಣ ಪೂಜೆಗೆ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ಭೋಜನ ಸ್ವೀಕರಿಸಿ, ನಮ್ಮನ್ನು ಹರಸಬೇಕೆಂದು ವಿನಂತಿಸುತ್ತೇನೆ.’ ಅವಳು ಅದನ್ನು ತನ್ನ ಒಡಿಯಾ ಲಿಪಿಯಲ್ಲಿ ಬರೆದುಕೊಂಡಳು. ದುಂಡುದುಂಡಾದ ಲಿಪಿ, ನೋಡಲು ನಮ್ಮ ಅಕ್ಷರಗಳು ಮಳೆಗೆ ಛತ್ರಿ ಹಿಡಿದ ಹಾಗಿತ್ತು.

ಮೂರು ದಿನ ಪಾಠ ನಡೆಯಿತು. ಹುಡುಗಿ ಚುರುಕು. ಮೂರನೆಯ ದಿನ ‘ಸಪರಿವಾರ’ವನ್ನು ಎಡವದೆ ದಾಟಿದಳು. ಒಂದೇ ತೊಂದರೆ, ಅವಳು ಕಾರಣ ಕೇಳುತ್ತಿದ್ದಳು. “ಮಾವ, ಹೇಳಿದ ಮೇಲೆ ತಕ್ಷಣ ಬರಬೇಕಾ, ಕೂತ್ಕೋಬೇಕಾ?” “ಸಂದರ್ಭ ನೋಡಿಕೊಂಡು.” “ಸಂದರ್ಭ ಹೇಗೆ ನೋಡೋದು?” “ಅದು... ಗೊತ್ತಾಗುತ್ತೆ.” “ಹೇಗೆ ಗೊತ್ತಾಗುತ್ತೆ?” ಮೂವತ್ತಾರು ವರ್ಷದ ಸೇವೆಯಲ್ಲಿ ಯಾವ ಮಗುವೂ ನನ್ನನ್ನು ಇಷ್ಟು ಸಣ್ಣ ಪ್ರಶ್ನೆಯಿಂದ ಇಷ್ಟು ಮೂಲೆಗೆ ತಳ್ಳಿರಲಿಲ್ಲ. “ಅದು ಹಾಗೇ ಕಣಮ್ಮ,” ಎಂದೆ. ಹುಟ್ಟಿನಿಂದ ಭಾಷೆ ಬಲ್ಲವನ ಬತ್ತಳಿಕೆಯಲ್ಲಿ ಕೊನೆಗೆ ಉಳಿಯುವ ಬಾಣ ಅದೊಂದೇ.

ಪ್ರಯೋಗಕ್ಕೆಂದು ಮೊದಲು ನಾಗರತ್ನಮ್ಮನವರ ಮನೆಗೆ ಕಳಿಸಿದೆವು. ರೇಷ್ಮೆ ಸೀರೆ, ಕೈಯಲ್ಲಿ ಕುಂಕುಮದ ಭರಣಿ. ಎರಡೇ ನಿಮಿಷದಲ್ಲಿ ವಾಪಸು ಬಂದಳು, ಮುಖ ಅರಳಿತ್ತು. “ಒಂದೂ ತಪ್ಪಿಲ್ಲ ಮಾವ! ಆಂಟಿ ‘ಎಷ್ಟು ಚೆನ್ನಾಗಿ ಓದ್ತೀಯಮ್ಮ’ ಅಂದ್ರು. ಆಮೇಲೆ ‘ಆಗ್ಲಿ, ನೋಡಣ’ ಅಂದ್ರು.”

ನಾನು ಹಿಗ್ಗಿದೆ. ಒಳಗಿನ ಮಂಚದಿಂದ ಒಂದು ನಿಟ್ಟುಸಿರು ಕೇಳಿತು.

“‘ನೋಡಣ’ ಅಂದ್ರೆ?” ಎಂದಳು ಸಸ್ಮಿತಾ.

“ನೋಡೋಣ ಅಂದ್ರೆ, ವಿಚಾರ ಮಾಡಿ...” ಎಂದು ನಾನು ಪದವನ್ನು ಬಿಡಿಸತೊಡಗಿದೆ.

“ಬರಲ್ಲ ಅಂತ,” ಎಂದಳು ಪದ್ಮಾವತಿ. “ಇಂಕ ಚಾಲು, ನಿಮ್ಮ ಪಾಠ ಸಾಕು.” ಅವಳು ಕನ್ನಡ ಬಿಟ್ಟು ತೆಲುಗಿಗೆ ಇಳಿದರೆ ಮನೆಯಲ್ಲಿ ಎಲ್ಲರೂ ಕಾಲು ಮಡಚಿ ಕೂರುವುದು ವಾಡಿಕೆ. ಕೂತೆವು.

ಆಗ ಹೊರಬಿದ್ದಿತು, ನಲವತ್ತು ವರ್ಷ ಮುಚ್ಚಿಟ್ಟ ವೃತ್ತಾಂತ. ಮದುವೆಯಾದ ಮೊದಲ ವರ್ಷ ಗೌರಿ ಹಬ್ಬಕ್ಕೆ ಅವಳು ಅರಿಶಿನ ಕುಂಕುಮಕ್ಕೆ ಬೀದಿಯವರನ್ನು ಕರೆಯಲು ಹೊರಟಿದ್ದಳು. ನಾನು ಒಂದು ವಾಕ್ಯ ಬರೆದುಕೊಟ್ಟಿದ್ದೆನಂತೆ. ಸಕುಟುಂಬ, ಸಪರಿವಾರ, ಎಲ್ಲ ಇತ್ತಂತೆ. ಸಂಜೆ ಒಬ್ಬರು ಬಂದರು. ಅವರೂ ಬಂದದ್ದು ನಮ್ಮಿಂದ ಒಯ್ದಿದ್ದ ಜರಡಿ ವಾಪಸು ಕೊಡಲು. ನನ್ನ ನೆನಪಿನಲ್ಲಿ ಆ ದಿನ ಮಳೆ ಬಂದಿತ್ತು.

“ಮಳೆ ಬಂದಿತ್ತಲ್ವಾ?” ಎಂದೆ.

“ಮಳೆಯೂ ಇಲ್ಲ, ಏನೂ ಇಲ್ಲ. ಮೂರು ದಿನ ಬರೀ ಕೋಸಂಬರಿ ತಿಂದ್ವಿ. ನೀವು ‘ಹೆಸರುಬೇಳೆ ದೇಹಕ್ಕೆ ತಂಪು’ ಅಂತ ಭಾಷಣ ಮಾಡ್ತಾ ತಿಂದ್ರಿ. ನಾನು ಹಿತ್ತಲಲ್ಲಿ ಕೂತು ಅತ್ತೆ. ಎದುರು ಮನೆ ಮಹಬೂಬಕ್ಕ ನೋಡಿದ್ರು. ಅವರು ಕಲಿಸಿದ್ದು ನಂಗೆ ಈ ಬೀದಿ ಮಾತು. ನೀವಲ್ಲ.”

ನೆಲ ಬಿರಿಯಲಿಲ್ಲ. ಪಕ್ಕದ ಮನೆಯ ಮಿಕ್ಸಿ ಮಾತ್ರ ಗೊರ್ ಎಂದಿತು. ಮಹಬೂಬ್ ಬೀ! ತಮಿಳುನಾಡಿನ ವಾಣಿಯಂಬಾಡಿಯಿಂದ ಇಲ್ಲಿನ ನೂಲು ತೆಗೆಯುವವರ ಮನೆಗೆ ಸೊಸೆಯಾಗಿ ಬಂದ ಉರ್ದು ಮನೆಯ ಹೆಂಗಸು. ಅವರ ಅಂಗಳದಲ್ಲಿ ರೇಷ್ಮೆಗೂಡು ಬೇಯುವ ವಾಸನೆ ಒಂದು ಕಾಲಕ್ಕೆ ನಮ್ಮ ಬೀದಿಯ ಅರ್ಧ ಬದುಕಾಗಿತ್ತು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನನ್ನ ಹೆಂಡತಿಯ ಕನ್ನಡದ ಗುರು! ಇಷ್ಟು ವರ್ಷ ಅವರ ಮುಂದೆಯೇ ‘ಇವಳಿಗೆ ಕಲಿಸಿದವನು ನಾನು’ ಎಂದು ಎಷ್ಟು ಸಲ ಹೇಳಿರಬೇಡ! ಪ್ರತಿ ಸಲವೂ ಅವರು “ಹೌದು ಮೇಷ್ಟ್ರೇ” ಎಂದೇ ತಲೆಯಾಡಿಸಿದ್ದರು.

ಅದೇ ಸಂಜೆ ಮಹಬೂಬ್ ಬೀ ಬಂದರು. ಸಸ್ಮಿತಾಳೊಂದಿಗೆ ಮೊದಲು ಹಿಂದಿಯಲ್ಲಿ ಎರಡು ಮಾತು ಆಡಿದರು. ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ಆಮೇಲೆ, “ಬಸ್, ಇನ್ನು ಹಿಂದಿ ಇಲ್ಲ ಬೇಟಿ. ಕನ್ನಡ,” ಎಂದು ಸೆರಗು ಬಿಗಿದರು. ನಾನು ಪೇಪರ್ ಹಿಡಿದು ಜಗಲಿಯಲ್ಲಿ ಕುಳಿತೆ. ಓದುತ್ತಿರಲಿಲ್ಲ ಎಂಬುದನ್ನು ತಮ್ಮಲ್ಲಿ ಒಪ್ಪಿಕೊಳ್ಳುತ್ತೇನೆ.

“ನಾನು ನಾಗರತ್ನಮ್ಮ. ನೀನು ಕರೆಯಕ್ಕೆ ಬಂದೆ. ಕರಿ.”

“ಆಂಟಿ, ಭಾನುವಾರ ಪೂಜೆಗೆ ಬನ್ನಿ.”

“ಅಯ್ಯೋ, ಆಗಲ್ಲಮ್ಮ, ನಂಗೆ ಮಂಡಿನೋವು.”

“ಓ. ಸರಿ ಆಂಟಿ,” ಎಂದು ಸಸ್ಮಿತಾ ತಿರುಗಿದಳು.

“ಹೋಗೇಬಿಟ್ಲು! ನೋಡು ಪದ್ಮಾ, ಹೋಗೇಬಿಟ್ಲು!” ಮಹಬೂಬ್ ಬೀ ಹಣೆ ಚಚ್ಚಿಕೊಂಡರು. “ಅವರು ಆಗಲ್ಲ ಅಂದಿದ್ದು ಇನ್ನೊಂದ್ಸಲ ಕರೀಲಿ ಅಂತ ಕಣೇ!”

“ನಮ್ಮ ಊರಲ್ಲಿ ಆಗಲ್ಲ ಅಂದ್ರೆ ಆಗಲ್ಲ,” ಎಂದಳು ಹುಡುಗಿ.

“ನಮ್ಮ ವಾಣಿಯಂಬಾಡೀಲೂ ಹಾಗೇ. ನಾನೂ ಇಲ್ಲಿಗೆ ಬಂದ ಹೊಸದ್ರಲ್ಲಿ ಹಾಗೇ ಮಾಡ್ದೆ. ನೂಲು ತೆಗೆಯೋ ಹೊಸ ಚರಕ ಕೂರಿಸಿದ ದಿನ ಎಲ್ಲಾರ್ಗೂ ಒಂದೊಂದ್ಸಲ ಹೇಳಿ ಬಂದೆ. ಒಬ್ಬರೂ ಬರಲಿಲ್ಲ. ಎರಡು ಬಕೆಟ್ ಶರಬತ್ತು ಮನೆಯವರೇ ಕುಡಿದ್ವಿ. ಅವತ್ತಿಂದ ಇವರು ಹೇಗೆ ಕರೀತಾರೆ ಅಂತ ಕಿಟಕಿ ಸಂದೀಲಿ ನಿಂತು ನೋಡ್ದೆ. ಒಂದು ವರ್ಷ ನೋಡ್ದೆ.”

ಆಮೇಲೆ ಬಂದಿತು ನೋಡಿ ಪಾಠ. ಬಾಗಿಲಲ್ಲಿ ನಿಂತ ಕೂಡಲೇ ವಿಷಯ ತೆಗೆಯಬಾರದು. ಮನೆಯಲ್ಲಿ ಏನು ನಡೆಯುತ್ತಿದೆಯೋ ಅದನ್ನು ಕೇಳಬೇಕು. ರೇಷ್ಮೆ ಹುಳ ಸಾಕುವವರಾದರೆ ಹುಳ ಎಷ್ಟನೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಬಂತು ಎಂದು, ಹಸು ಕಟ್ಟಿದವರಾದರೆ ಕರು ಹೇಗಿದೆ ಎಂದು. ‘ಕೂತ್ಕೊ’ ಅಂದರೆ ‘ಇಲ್ಲ, ಬೇಜಾನ್ ಕೆಲಸ ಇದೆ’ ಎನ್ನುತ್ತಲೇ ಕೂರಬೇಕು. ಕಾಫಿ ಎರಡು ಸಲ ಬೇಡ ಎಂದು ಮೂರನೆಯ ಸಲ ಕುಡಿಯಬೇಕು. ಆಗ ಒಂದು ಸಲ ಕರೆಯಬೇಕು. ಅವರು ಆಗಲ್ಲ ಅನ್ನುತ್ತಾರೆ. ಎದ್ದು, ಕುಂಕುಮ ಕೊಟ್ಟು, ಹೊಸ್ತಿಲಲ್ಲಿ ನಿಂತು ಇನ್ನೊಂದು ಸಲ ಕರೆಯಬೇಕು. ಬೀದಿಗೆ ಇಳಿದು, ನಾಲ್ಕು ಹೆಜ್ಜೆ ಹೋಗಿ, ಏನೋ ಮರೆತವಳ ಹಾಗೆ ತಿರುಗಿ, ನೆರೆಯವರಿಗೂ ಕೇಳುವಂತೆ ಕೂಗಬೇಕು: “ಅಕ್ಕಾ, ಭಾನುವಾರ ಮನೇಲಿ ಒಲೆ ಹಚ್ಚಬೇಡಿ! ಹಚ್ಚಿದ್ರೆ ನಾನು ಬಂದು ಆರಿಸ್ತೀನಿ!”

“ಮೊದಲ್ನೇ ಸಲ ಕರೆದ್ರೆ ಯಾರೂ ನಂಬಲ್ಲ,” ಎಂದರು ಮಹಬೂಬ್ ಬೀ. “ಎರಡನೇ ಸಲಕ್ಕೆ ಅನುಮಾನ ಬರತ್ತೆ. ಮೂರನೇ ಸಲಕ್ಕೆ ಅಕ್ಕಿ ಎತ್ತಿಡ್ತಾರೆ.”

ನಾನು ಪೇಪರಿನ ಹಿಂದೆ ಬೆವರುತ್ತಿದ್ದೆ. ಇದೆಲ್ಲ ನನಗೆ ಗೊತ್ತಿತ್ತು. ನನ್ನ ತಾಯಿ ಹೀಗೆಯೇ ಕರೆಯುತ್ತಿದ್ದರು. ಆ ಕೊನೆಯ ಕೂಗು ನನ್ನ ಕಿವಿಯಲ್ಲಿ ಈಗಲೂ ಇದೆ. ಆದರೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ತಡೆಯಲಾರದೆ, “ಇದನ್ನ ನಾನೂ ಹೇಳಿಕೊಡಬಹುದಿತ್ತು,” ಎಂದುಬಿಟ್ಟೆ.

“ಹೇಗೆ ಹೇಳ್ತೀರ ಮೇಷ್ಟ್ರೇ?” ಎಂದರು ಮಹಬೂಬ್ ಬೀ ಮೃದುವಾಗಿ. “ನೀವು ಯಾವತ್ತೂ ಎರಡು ಬಕೆಟ್ ಶರಬತ್ತು ಕುಡಿದಿಲ್ವಲ್ಲ.”

ಮಾರನೆಯ ದಿನ ಮೂರು ಗಂಟೆಗೆ ಹೊರಟ ಸಸ್ಮಿತಾ ಕತ್ತಲಾಗುವ ಹೊತ್ತಿಗೆ ಬಂದಳು. ಬರೀ ಆರು ಮನೆ, ಒಂಬತ್ತು ಲೋಟ ಕಾಫಿ. ಉಳಿದ ಮನೆಗಳಿಗೆ ಇನ್ನೂ ಒಂದು ದಿನ ಹಿಡಿಯಿತು. ನಾಗರತ್ನಮ್ಮನವರ ಮನೆಗೆ ಎರಡನೆಯ ಸಲ ಹೋದಳು. ಅವರಿಗೆ ನಿಜವಾಗಿಯೂ ಮಂಡಿನೋವಂತೆ. ಯಾವ ಎಣ್ಣೆ ಹಚ್ಚುತ್ತಾರೆ, ಯಾವ ಡಾಕ್ಟರು ಏನೆಂದರು, ಎಲ್ಲ ವರದಿ ತಂದಳು. ಇಪ್ಪತ್ತು ವರ್ಷದಿಂದ ಗೋಡೆಗೆ ಗೋಡೆ ಅಂಟಿಕೊಂಡಿರುವ ನನಗೆ ಆ ಹೆಂಗಸಿಗೆ ಮಂಡಿ ಇರುವುದೇ ತಿಳಿದಿರಲಿಲ್ಲ. ಸಸ್ಮಿತಾಳ ಕನ್ನಡ ಈಗ ‘ಸಪರಿವಾರ’ವನ್ನು ಮರೆತಿತ್ತು. ಬೀದಿಯ ತಿರುವಿನಿಂದ “ಒಲೆ ಹಚ್ಚಬೇಡೀ...” ಎಂಬ ಕೂಗು ಕೇಳಿಬರುವಾಗ ದೀರ್ಘ ಎಲ್ಲೋ, ಒತ್ತು ಎಲ್ಲೋ. ನನ್ನ ಕೆಂಪು ಪೆನ್ನಿನ ಕೈ ತುರಿಸಿತು. ಪೆನ್ನನ್ನು ಜೇಬಿನಲ್ಲೇ ಬಿಟ್ಟೆ.

ಶನಿವಾರ ಬೆಳಗ್ಗೆ ಪದ್ಮಾವತಿ ಕೇಳಿದಳು, “ಎಲ್ಲಾ ಮನೆ ಆಯ್ತಾ?”

“ಮಹಬೂಬ್ ಆಂಟಿ ಒಬ್ಬರು ಉಳಿದಿದ್ದಾರೆ,” ಎಂದಳು ಸಸ್ಮಿತಾ. “ಈಗ ಹೋಗ್ತೀನಿ.”

“ನೀನು ಬೇಡ. ನಿಮ್ಮ ಮಾವ ಹೋಗ್ಲಿ.”

“ನಾನಾ? ದಿನಾ ಬರುವವರನ್ನ ಏನು ಕರೆಯೋದು?”

“ನಲವತ್ತು ವರ್ಷದಿಂದ ನಾನೇ ಕರೀತಿದೀನಿ. ನಿಮ್ಮ ಬಾಯಲ್ಲಿ ಒಂದ್ಸಲಾನೂ ಕರೆದಿಲ್ಲ. ಅವರು ಬರಲಿಲ್ಲ ಅಂದ್ರೆ ಈ ಪೂಜೆ ನಂಗೆ ಬೇಡ,” ಎಂದು ಅವಳು ಗೋಡೆ ಕಡೆ ತಿರುಗಿದಳು.

ಪಂಚೆ ಸರಿಮಾಡಿಕೊಂಡು ಬೀದಿ ದಾಟಿದೆ. ಹನ್ನೆರಡು ಹೆಜ್ಜೆ. ಮಹಬೂಬ್ ಬೀ ಬಾಗಿಲಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಬಾಯಿ ತೆರೆಯಿತು, ಮೂವತ್ತಾರು ವರ್ಷದ ಅಭ್ಯಾಸ ಹೊರಬಂತು: “ನಾಳೆ ನಮ್ಮ ಮನೆಯಲ್ಲಿ ಪೂಜೆ ಏರ್ಪಡಿಸಿದ್ದೇವೆ. ತಾವು ದಯಮಾಡಿ ಆಗಮಿಸಬೇಕು.”

ಅವರು ತಲೆಯೆತ್ತಿ ನೋಡಿದರು. ಕಾಯಿ ಸುಲಿಯುವುದು ನಿಲ್ಲಲಿಲ್ಲ. “ಆಗ್ಲಿ ಮೇಷ್ಟ್ರೇ. ನೋಡಣ.”

ಪರೀಕ್ಷೆಯಲ್ಲಿ ಸೊನ್ನೆ ತೆಗೆದುಕೊಂಡ ಹುಡುಗರ ಮುಖವನ್ನು ನಾನು ಸಾವಿರಾರು ಸಲ ನೋಡಿದ್ದೇನೆ. ಒಳಗಿನಿಂದ ಅದು ಹೇಗಿರುತ್ತದೆಂದು ತಿಳಿದದ್ದು ಅಂದೇ. ಕೆಳಗಿನ ಮೆಟ್ಟಿಲ ಮೇಲೆ ಕುಳಿತೆ. ಏನು ಕೇಳಬೇಕೋ ತೋಚಲಿಲ್ಲ. “ಅವರೆಕಾಯಿ ಸೊಗಡು ಚೆನ್ನಾಗಿದೆ,” ಎಂದೆ. ಚೆನ್ನಾಗಿದೆ ಎಂದರು. “ಚರಕ ನಿಲ್ಲಿಸಿ ಎಷ್ಟು ವರ್ಷ ಆಯ್ತು?” ಎಂದೆ. ಆ ಮಾತು ಸ್ವಲ್ಪ ದೂರ ನಡೆಯಿತು. ಬಿಸಿನೀರಲ್ಲಿ ಗೂಡು ಅದ್ದಿ ಅದ್ದಿ ಬಿಳುಪೇರಿದ ಬೆರಳುಗಳನ್ನು ಅವರು ತೋರಿಸಿದರು. ಚಹಾ ಬಂತು. ಎರಡು ಸಲ ಬೇಡವೆಂದೆ, ಮೂರನೆಯ ಸಲ ಕುಡಿದೆ. ಮಾತಿನ ನಡುವೆ, “ನಾಳೆ ಬರಬೇಕು,” ಎಂದೆ.

“ಮೊಣಕಾಲು ಮೇಷ್ಟ್ರೇ. ಕೆಳಗೆ ಕೂರಕ್ಕಾಗಲ್ಲ.”

“ಕುರ್ಚಿ ಹಾಕಿಸ್ತೀನಿ. ನೀವು ಬರದೆ ಪೂಜೆ ಶುರು ಮಾಡಲ್ಲ,” ಎಂದು ಎದ್ದೆ. ಅವರು ಇನ್ನೊಂದು ಕಾಯಿ ಸುಲಿದರು.

ಬೀದಿಗೆ ಇಳಿದೆ. ನಾಲ್ಕು ಹೆಜ್ಜೆ. ಅತ್ತ ನಾಗರತ್ನಮ್ಮ ರಂಗೋಲಿ ಬಿಡುತ್ತಿದ್ದರು, ಇತ್ತ ಹಾಲಿನವನು ಕ್ಯಾನ್ ಇಳಿಸುತ್ತಿದ್ದ. ನನ್ನ ಕೆಲವು ಹಳೆಯ ವಿದ್ಯಾರ್ಥಿಗಳ ಹೆಂಡತಿಯರೂ ಬಾಗಿಲುಗಳಲ್ಲಿದ್ದರು. ಕಣ್ಣುಮುಚ್ಚಿ, ತಾಯಿಯ ದನಿ ನೆನೆಸಿಕೊಂಡು ತಿರುಗಿದೆ.

“ಅಕ್ಕಾ! ನಾಳೆ ಮನೇಲಿ ಒಲೆ ಹಚ್ಚಬೇಡಿ! ಹಚ್ಚಿದ್ರೆ ನಾನೇ ಬಂದು ಆರಿಸ್ತೀನಿ!”

ಹಾಲಿನವನ ಕೈಯಿಂದ ಕ್ಯಾನಿನ ಮುಚ್ಚಳ ಉರುಳಿ ಚರಂಡಿಯವರೆಗೆ ಹೋಯಿತು. ಮಹಬೂಬ್ ಬೀ ಮೊದಲ ಸಲ ಅವರೆಕಾಯಿ ಕೆಳಗಿಟ್ಟರು.

“ಪಾಯಸಕ್ಕೆ ಸಕ್ಕರೆ ಕಮ್ಮಿ ಹಾಕ್ಸಿ ಮೇಷ್ಟ್ರೇ,” ಎಂದರು. “ನಂಗೆ ಶುಗರ್.”

ಭಾನುವಾರ ಬೆಳಗ್ಗೆ ಏಳಕ್ಕೆ ಜಗಲಿಯ ಮೇಲೆ ಕುಳಿತೆ. ಪೇಪರ್ ತೆರೆಯಲಿಲ್ಲ. ಹಿತ್ತಲಲ್ಲಿ ಅಡಿಗೆಯವರು ಬಾಣಲೆ ಇಳಿಸುತ್ತಿದ್ದರು. ಸಸ್ಮಿತಾ ಹೊಸ್ತಿಲಿಗೆ ಬಂದು, “ಮಾವ, ಎಲ್ಲಾ ಬರ್ತಾರಾ?” ಎಂದಳು. ಮುಖ ಸಣ್ಣದಾಗಿತ್ತು. “ಕೇಳಿಸ್ಕೊ,” ಎಂದೆ. ಅವಳೂ ಪಕ್ಕದಲ್ಲಿ ಕುಳಿತಳು. ಏಳೂಕಾಲು. ಡೇರಿ ಸೆಕ್ರೆಟರಿ ಮನೆಯ ಶಿಸ್ತಿನ ಪ್ರಾಣಿ ಬಾಯಿ ಬಿಡಲಿಲ್ಲ. ಏಳೂವರೆ. ತಿರುವಿನಾಚೆಯ ಮನೆಗಳಲ್ಲೂ ಸದ್ದಿಲ್ಲ. ಎಂಟು. ಎದುರು ಮನೆಯಲ್ಲಿ ಕೆಮ್ಮೂ ಇಲ್ಲ. ಹದಿನಾರು ಮನೆ ಉಸಿರು ಹಿಡಿದು ಕುಳಿತ ಹಾಗಿತ್ತು. ನನ್ನ ಜೀವಮಾನದಲ್ಲಿ ಇಷ್ಟು ಚೆಂದದ ಮೌನವನ್ನು ನಾನು ಕೇಳಿಲ್ಲ.

ಅಷ್ಟರಲ್ಲಿ ಎಲ್ಲೋ ಒಂದು ಕುಕ್ಕರ್ ಕೂಗಿತು.

ಎದ್ದು ನಿಂತೆ. ಅತ್ತ ನೋಡಿದೆ, ಇತ್ತ ನೋಡಿದೆ. ಯಾರು? ಯಾವ ಮನೆ? ಇನ್ನೊಂದು ಸಲ ಕೂಗಿತು. ಸಸ್ಮಿತಾ ನನ್ನ ತೋಳು ಹಿಡಿದುಕೊಂಡಳು. ಎದುರು ಮನೆಯ ಬಾಗಿಲು ತೆರೆಯಿತು. ಮಹಬೂಬ್ ಬೀ ಹೊಸ ಸೀರೆಯುಟ್ಟು, ತಲೆಯ ಮೇಲೆ ಸೆರಗು ಸರಿಮಾಡಿಕೊಳ್ಳುತ್ತ, ನಮ್ಮಿಬ್ಬರ ಅವಸ್ಥೆ ನೋಡಿ ಬೀದಿಗೆಲ್ಲ ಕೇಳುವಂತೆ ಕೂಗಿದರು:

“ಗಾಬರಿ ಬೀಳ್ಬೇಡಿ ಮೇಷ್ಟ್ರೇ! ಅದು ನಿಮ್ಮನೇದೇ!”